ಆಸ್ಪತ್ರೆ ಲೈನಿನ ಕವಲು

ಚಳಿಗಾಲ ಆಗತಾನೇ ಕಾಲಿಟ್ಟಿತ್ತು. ಬೆಳಗಾಗಿ ಬಹಳ ಹೊತ್ತಾಗಿದ್ದರೂ ಕಿಟಕಿಯಾಚೆ ಇನ್ನೂ ಮಬ್ಬು. ಅಂಥ ಒಂದು ಬೆಳಿಗ್ಗೆ, ಒಲೆಯ ಮೇಲಿನ ಹಾಲು ಇನ್ನೇನು ಉಕ್ಕಬೇಕು ಅನ್ನುವ ಹೊತ್ತಿಗೆ, ಚಿಕ್ಕವನು ಪಾಳಿ ಮುಗಿಸಿ ಮನೆಗೆ ಬಂದ. ಬಂದವನು ಬೂಟು ಬಿಚ್ಚಲಿಲ್ಲ, ಕೈ ತೊಳೆಯಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನೆಲ ನೋಡತೊಡಗಿದ. ಎಲ್ಲ ಶುರುವಾದದ್ದು ಅಲ್ಲಿಂದ.

ಚಿಕ್ಕವನು ಅಂದರೆ ಕೂಸೇನಲ್ಲ, ಕಿವಿಯ ಪಕ್ಕ ನರೆ ಬಂದಿತ್ತು. ಆದರೆ ಅಕ್ಕನಿಗೆ ತಮ್ಮ ಯಾವತ್ತೂ ಚಿಕ್ಕವನೇ. ಊರಾಚೆ ನದಿಯ ದಂಡೆಯಲ್ಲಿದ್ದ ಅಣು ಸ್ಥಾವರದಲ್ಲಿ ಅವನ ಕೆಲಸ. ಕೊಳವೆಯ ಮೇಲೆ ಒಂದು ಪುಟ್ಟ ಯಂತ್ರ ಇಟ್ಟು, ಒಳಗೆ ಸದ್ದು ಕಳಿಸಿ, ಅದು ಮರಳಿ ಬರುವ ಬಗೆ ನೋಡಿ ಉಕ್ಕಿನ ಹೊಟ್ಟೆಯಲ್ಲಿ ಬಿರುಕಿದೆಯೋ ಇಲ್ಲವೋ ಹೇಳುವುದು. ಡಾಕ್ಟರು ಎದೆಗೆ ಕಿವಿಗೊಟ್ಟ ಹಾಗೆ. ಆ ಸ್ಥಾವರ ಕಟ್ಟುವ ಕಾಲದಲ್ಲಿ ಅದೇ ಕೊಳವೆಗಳನ್ನು ಬೆಸೆದವರು ಅವನ ಅಪ್ಪ. ಬೀದಿಗೆಲ್ಲ ಅವರು ವೆಲ್ಡರ್ ತಾತ. "ನಾನು ಹೊಲಿದಿಟ್ಟದ್ದನ್ನ ನನ್ನ ಮಗ ತಟ್ಟಿ ನೋಡ್ತಾನೆ" ಅಂತ ಹೇಳಿಕೊಳ್ಳುವುದು ಅವರಿಗೆ ಸಕ್ಕರೆ ತಿಂದಷ್ಟು ಇಷ್ಟ.

ಅಕ್ಕ ಇದ್ದದ್ದು ಊರ ಅಂಚಿನ ಸಬ್‌ಸ್ಟೇಷನ್ನಿನಲ್ಲಿ. ಸ್ಥಾವರದಿಂದ ಬಂದ ಕರೆಂಟನ್ನು ಯಾವ ಬೀದಿಗೆ ಎಷ್ಟು ಬಿಡಬೇಕು ಅನ್ನುವ ದೊಡ್ಡ ಬೋರ್ಡಿನ ಮುಂದೆ ಕೂರುವವಳು. ಗಂಡ ತೀರಿಕೊಂಡ ಮೇಲೆ ತೌರಿಗೇ ಬಂದು, ಅಪ್ಪನನ್ನು ನೋಡಿಕೊಂಡಿದ್ದಳು. ಬೀದಿಯವರು ಅವಳನ್ನು ಸ್ವಿಚ್ಚಮ್ಮ ಅನ್ನುತ್ತಿದ್ದರು. ಕರೆದರೆ ಅವಳೂ ಓ ಅನ್ನುತ್ತಿದ್ದಳು.

ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ವರ್ಷಗಟ್ಟಲೆ ನುಂಗಿದ ಹೊಗೆ ಪುಪ್ಪುಸವನ್ನು ತಿಂದುಹಾಕಿತ್ತು. ಮೂಗಿಗೆ ಒಂದು ತೆಳ್ಳಗಿನ ನಳಿಗೆ, ನಳಿಗೆಯ ಇನ್ನೊಂದು ತುದಿಯಲ್ಲಿ ಗುರ್ರ್ ಅನ್ನುವ ಒಂದು ಪೆಟ್ಟಿಗೆ. ಕೋಣೆಯ ಗಾಳಿಯಿಂದಲೇ ಪ್ರಾಣವಾಯು ಹಿಂಡಿ ಕೊಡುವ ಮೆಷಿನ್ನು ಅದು. ಗೋಡೆಯ ಕರೆಂಟಿನ ಮೇಲೆಯೇ ಅದರ ಬದುಕು, ಅದರ ಮೇಲೆ ಅಪ್ಪನದು.

"ಏನೋ, ಮೋರೆ ಹಿಂಗಿದೆ? ಹೆಂಡತಿ ಬೈದಳಾ?" ಅಂದರು ಅಪ್ಪ. ಒಂದು ಉಸಿರು ಎಳೆದುಕೊಂಡು, "ಓ, ಮರೆತೆ. ನಿನಗೆ ಹೆಂಡತಿನೇ ಇಲ್ಲವಲ್ಲ."

ಚಿಕ್ಕವನು ನಗಲಿಲ್ಲ. "ಬಿರುಕು ಸಿಕ್ಕಿದೆ ಅಪ್ಪಾ."

"ಎಲ್ಲಿ?"

"ತುರ್ತು ನೀರಿನ ಕೊಳವೇಲಿ. ಮೊಣಕೈ ತಿರುವಿನ ಹತ್ತಿರ. ಬೆಸುಗೆ ಪಕ್ಕ. ಬರೆದುಕೊಟ್ಟು ಬಂದೆ. ಸ್ಥಾವರ ನಿಲ್ಲಿಸ್ತಾರೆ."

ಅಪ್ಪನಿಗೆ ಆ ಕೊಳವೆ ಯಾವುದು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಸ್ಥಾವರದ ಹೊಟ್ಟೆಯೊಳಗಿನ ಅಣುವಿನ ಬೆಂಕಿ ಕೈಮೀರಿದರೆ ನೀರು ಸುರಿಯಲೆಂದು ಇಟ್ಟ ಕೊಳವೆ ಅದು. ಒಂದು ದಿನವೂ ಬೇಕಾಗದಿರಲಿ ಅಂತ ಬೇಡಿಕೊಂಡೇ ಎಲ್ಲರೂ ಅದನ್ನು ಕಟ್ಟಿದ್ದರು.

"ಯಾರ ಗುರುತಿತ್ತು?" ಅಂತ ಕೇಳಿದರು.

ವೆಲ್ಡರುಗಳಲ್ಲಿ ಒಂದು ಪದ್ಧತಿ. ಒಬ್ಬೊಬ್ಬನಿಗೂ ಒಂದೊಂದು ಗುರುತು. ಬೆಸುಗೆ ಮುಗಿದ ಮೇಲೆ ಅದರ ಪಕ್ಕದಲ್ಲಿ ಉಕ್ಕಿನ ಮೊಳೆಯಿಂದ ಆ ಗುರುತು ಕುಟ್ಟಬೇಕು. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಯಾರ ಕೈ ಅಂತ ತಿಳಿಯಬೇಕಲ್ಲ. ಅಪ್ಪನದು ಮೀನಿನ ಬಾಲದ ಹಾಗೆ ಕವಲೊಡೆದ ಎರಡು ಗೀಟು. ಹುರುಪಿನ ವಯಸ್ಸಿನಲ್ಲಿ ಮನೆಯ ಸೌಟಿನ ಹಿಡಿಗೆ, ಬಾಗಿಲ ಚಿಲಕಕ್ಕೆ, ಕಬ್ಬಿಣದ ಮಂಚದ ಕಾಲಿಗೂ ಅದನ್ನು ಕುಟ್ಟಿದ್ದರು. "ಇನ್ನು ನನ್ನ ಹಣೆಗೊಂದು ಬಾಕಿ" ಅಂತ ಅವ್ವ ಬದುಕಿರುವಾಗ ಹಂಗಿಸುತ್ತಿದ್ದಳು.

ಚಿಕ್ಕವನು ಬೂಟಿನ ದಾರಕ್ಕೆ ಕೈ ಹಾಕಿದ. "ತುಕ್ಕು ಹಿಡಿದಿತ್ತು ಅಪ್ಪಾ. ಕಾಣಿಸಲಿಲ್ಲ."

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಸ್ವಿಚ್ಚಮ್ಮ ಆರಿಸಲು ಓಡಿದಳು. ಅಪ್ಪ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು.

"ಆ ಉಕ್ಕಿಗೆ ತುಕ್ಕಾ? ಎಂಥ ಸುಳ್ಳು ಹೇಳ್ತೀಯೋ ಮಗನೇ! ನೀನು ಹೋಗಿ, ನಿನ್ನ ಮಕ್ಕಳು ಹೋದರೂ ಅದಕ್ಕೆ ತುಕ್ಕು ಹತ್ತಲ್ಲ."

ಯಾರ ಗುರುತೆಂದು ಅವರಿಗೆ ಗೊತ್ತಾಗಿಹೋಯಿತು. ಒಲೆ ಒರೆಸುತ್ತಿದ್ದ ಮಗಳಿಗೂ ತಿಳಿಯಿತು, ಬೂಟು ಬಿಚ್ಚುತ್ತಿದ್ದ ಮಗನಿಗೂ ತಿಳಿಯಿತು. ಬೇರೆ ಯಾರ ಗುರುತಾಗಿದ್ದರೂ ಚಿಕ್ಕವನು ಸುಳ್ಳು ಹೇಳಬೇಕಾಗಿರಲಿಲ್ಲ.

ಆ ದೇಶದಲ್ಲಿ ಸ್ಥಾವರಗಳು ಬಹಳ ಇದ್ದವು. ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಎರೆದಿದ್ದರು. ಒಂದರ ನಕ್ಷೆ ಸರಿಯಾದರೆ ಎಲ್ಲದರದೂ ಸರಿ, ಒಂದರ ಕೆಲಸ ಕಲಿತವನು ಯಾವುದರಲ್ಲೂ ದುಡಿಯಬಹುದು ಅಂತ ಹಿಂದಿನವರು ಲೆಕ್ಕ ಹಾಕಿದ್ದರು. ಲೆಕ್ಕವೇನೋ ಸರಿಯೇ. ಆದರೆ ಒಂದರ ರೋಗವೂ ಎಲ್ಲದರ ರೋಗ ಅನ್ನುವುದು ಯಾರ ತಲೆಗೂ ಹೋಗಿರಲಿಲ್ಲ. ಚಿಕ್ಕವನ ಬಿರುಕು ಸಿಕ್ಕ ಮೇಲೆ ಎಲ್ಲ ಕಡೆ ಅದೇ ತಿರುವಿಗೆ ಕಿವಿಗೊಟ್ಟರು. ಇಲ್ಲೂ ಇದೆ ಅಂದರು, ಅಲ್ಲೂ ಇದೆ ಅಂದರು. ಒಂದಾದ ಮೇಲೊಂದು ಬಾಗಿಲು ಹಾಕಿದವು.

ಬೇರೆ ದೇಶದಲ್ಲಾಗಿದ್ದರೆ ಕಲ್ಲಿದ್ದಲೋ ಸೌದೆಯೋ ಇರುತ್ತಿತ್ತು. ಇಲ್ಲಿಯವರು ಅದನ್ನೆಲ್ಲ ಎಂದೋ ಕೈಬಿಟ್ಟಿದ್ದರು. ಒಲೆ ಕರೆಂಟಿನದು, ಕೋಣೆ ಬೆಚ್ಚಗಿಡುವುದು ಕರೆಂಟು, ಊರೊಳಗೆ ಓಡುವ ಟ್ರಾಮು ಕರೆಂಟಿನದು. ಮನೆ ಕಟ್ಟುವಾಗ ಹೊಗೆ ಹೋಗಲು ಒಂದು ಗೂಡು ಕೂಡ ಬಿಟ್ಟಿರಲಿಲ್ಲ. "ನಮ್ಮ ಕರೆಂಟು ಹೋಗುವ ಕರೆಂಟಲ್ಲ" ಅಂತ ಒಂದು ಮಾತೇ ಇತ್ತು ಜನರ ಬಾಯಲ್ಲಿ. ಗಟ್ಟಿಮುಟ್ಟಾದ ಮನುಷ್ಯನನ್ನು ಕಂಡರೂ ಹಾಗನ್ನುವರು, ಸೊಸೆ ತೌರಿಗೆ ಹೋಗದಿದ್ದರೂ ಹಾಗನ್ನುವರು.

ಈಗ ಬೀದಿಬೀದಿಗೂ ಪಾಳಿ ಬಂತು. ಈ ಹೊತ್ತಿನಿಂದ ಈ ಹೊತ್ತಿಗೆ ನಿಮಗೆ ಕರೆಂಟಿಲ್ಲ, ಆಮೇಲೆ ಅವರಿಗಿಲ್ಲ. ತೆಗೆಯುವುದು ಸ್ವಿಚ್ಚಮ್ಮನ ಕೈ. ನೆನ್ನೆಯವರೆಗೆ ಅವಳ ಕೆಲಸ ಇದ್ದದ್ದೆಲ್ಲ ಕೆಟ್ಟುಹೋದ ಲೈನನ್ನು ಮತ್ತೆ ಹಚ್ಚುವುದು. ಈಗ ಚೆನ್ನಾಗಿರುವ ಲೈನನ್ನು ಆರಿಸಬೇಕು. ಮೊದಲ ಸಲ ಹಿಡಿಕೆ ತಿರುಗಿಸಿದಾಗ ಬೋರ್ಡಿನ ಮೇಲಿನ ಕೆಂಪು ದೀಪ ಹಸಿರಾಯಿತು. ಲೈನಿನಲ್ಲಿ ಕರೆಂಟಿದ್ದರೆ ಕೆಂಪು, ಆರಿದರೆ ಹಸಿರು. ಅವಳು ಎದ್ದು ಕಿಟಕಿಗೆ ಹೋಗಿ ನೋಡಿದಳು. ದಿಬ್ಬದ ಮೇಲಿನ ಒಂದು ಇಡೀ ಬಡಾವಣೆ, ಯಾರೋ ಒರೆಸಿದ ಹಾಗೆ ಹೋಗಿತ್ತು.

ಬೀದಿಯಲ್ಲಿ ಮಾತು ಬಂತು. ಕೆಳಗಿನ ಮನೆಯ ಟೈಲರಮ್ಮ ಮೆಟ್ಟಿಲಲ್ಲಿ ಸಿಕ್ಕಿದಾಗ, "ಸ್ವಿಚ್ಚಮ್ಮಾ, ನಿನ್ನ ಕೈಗೆ ಹಾಳಾದ್ದು ನೋವು ಬರಬಾರದಾ? ಅರ್ಧ ಕೋಟು ಹೊಲಿದಿದ್ದೆ ಕಣೇ, ತೋಳು ಹಚ್ಚೋಕೆ ಮುಂಚೆ ತೆಗೆದುಬಿಟ್ಟೆ!" ಅಂದಳು.

"ತೋಳಿಲ್ಲದ ಕೋಟು ಫ್ಯಾಶನ್ ಅಂತ ಹೇಳಿ ಮಾರಿಬಿಡು ಅತ್ತೆ."

"ಈ ಚಳೀಲಿ ಯಾರೇ ಹಾಕ್ಕೋತಾರೆ, ನಿನ್ನ ಸಾಹೇಬನಾ?"

ಇಬ್ಬರೂ ನಕ್ಕರು. ಆಗಿನ್ನೂ ನಗು ಇತ್ತು.

ಟೈಲರಮ್ಮನ ಗಂಡನೂ ಸ್ಥಾವರದಲ್ಲಿ ದುಡಿದವರೇ. ಕೊಳವೆಗಳಿಗೆ ಶಾಖ ಹೋಗದಂತೆ ಹೊದಿಕೆ ಸುತ್ತುವ ಕೆಲಸ. ಆ ಹೊದಿಕೆಯ ಧೂಳು ಅವರ ಎದೆಯಲ್ಲೂ ಮನೆ ಮಾಡಿತ್ತು. ಅವರಿಗೂ ಅಂಥದೇ ಒಂದು ಮೆಷಿನ್ನು. ಪಾಳಿ ಶುರುವಾದ ಮೇಲೆ ಆರೋಗ್ಯ ಕಚೇರಿಯವರು ಇಂಥವರ ಮನೆಗೆಲ್ಲ ಒಂದೊಂದು ಆಮ್ಲಜನಕದ ಸಿಲಿಂಡರ್ ಕೊಟ್ಟರು. ಕರೆಂಟು ಹೋಗುವ ಹೊತ್ತು ಮೊದಲೇ ಗೊತ್ತಿರುತ್ತಿತ್ತು. ಅದಕ್ಕೆ ಸ್ವಲ್ಪ ಮುಂಚೆ ನಳಿಗೆ ಬದಲಾಯಿಸಿ ಸಿಲಿಂಡರಿಗೆ ಹಚ್ಚಿದರಾಯಿತು. ಆದರೆ ಅದು ಬೇಗ ಮುಗಿಯುತ್ತಿತ್ತು, ತುಂಬಿಸಿಕೊಂಡು ಬರಲು ಸಾಲು. ತುಂಬುವ ಕಾರ್ಖಾನೆಗೂ ಕರೆಂಟು ಬೇಕಲ್ಲ.

ಆ ಸಾಲಿನಿಂದ ಒಂದು ದಿನ ಸ್ವಿಚ್ಚಮ್ಮ ಖಾಲಿ ಸಿಲಿಂಡರಿನೊಂದಿಗೇ ವಾಪಸಾದಳು. ಆವತ್ತು ಬೀದಿಗೆ ಕರೆಂಟು ಬರುವ ತನಕ ಅಪ್ಪನ ತುಟಿ ನೇರಳೆ ಬಣ್ಣಕ್ಕೆ ತಿರುಗಿದ್ದನ್ನು ನೋಡುತ್ತ ಕೂತಿದ್ದಳು. ಮಾರನೆಯ ದಿನ ಏಣಿಯಣ್ಣನನ್ನು ಹುಡುಕಿಕೊಂಡು ಹೋದಳು.

ಏಣಿಯಣ್ಣ ಅಂದರೆ ಸಬ್‌ಸ್ಟೇಷನ್ನಿನ ಹಳೆಯ ಲೈನ್‌ಮನ್ನು. ಸ್ವಿಚ್ಚಮ್ಮನ ಬೀದಿಯ ಮೇಲೆ ಆಸ್ಪತ್ರೆ ಲೈನಿನ ಒಂದು ಕವಲು ಹಾದುಹೋಗುತ್ತಿತ್ತು. ಹಿಂದೆ ಬೀದಿಯ ಕೊನೆಯಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆ ಇತ್ತು. ಅದು ಮುಚ್ಚಿದ ಮೇಲೆ ಕವಲು ಸುಮ್ಮನೆ ಉಳಿದಿತ್ತು. ದೇಶವೇ ಕತ್ತಲಾದರೂ ಆಸ್ಪತ್ರೆ ಲೈನು ತೆಗೆಯುವ ಹಾಗಿಲ್ಲ, ಅದು ಕಾನೂನು.

"ಅಣ್ಣಾ, ನಮ್ಮ ಮನೆ ತಂತಿ ಬೀದಿ ಲೈನಿಂದ ಬಿಚ್ಚಿ ಆ ಕವಲಿಗೆ ಹಾಕಿಕೊಡು. ಅಪ್ಪನ ಮೆಷಿನ್ನಿಗೆ ಅಷ್ಟೇ. ಬೇಡಾಂದ್ರೆ ಬೇಡ."

ಅವನು ಆ ಕಡೆ ಈ ಕಡೆ ನೋಡಲಿಲ್ಲ, ತಲೆ ಕೆರೆದುಕೊಳ್ಳಲಿಲ್ಲ. "ಅದಕ್ಕೇನಕ್ಕಾ, ಮಧ್ಯಾಹ್ನ ಬಂದು ಹಾಕ್ತೀನಿ. ಇದೇನು ಹೊಸದಾ?" ಅಂದ.

ಇದೇನು ಹೊಸದಾ ಅಂದದ್ದು ಅವಳ ಕಿವಿಗೆ ಬಿತ್ತು. ಹಾಗಂದರೆ ಏನು ಅಂತ ಕೇಳಬೇಕಿತ್ತು. ಬೇಕಾದದ್ದು ಸಿಗುವಾಗ ಮನುಷ್ಯರಿಗೆ ಕಿವಿ ಮಂದ. ಕೇಳಲಿಲ್ಲ.

ಆಮೇಲೆ ಅವರ ಮನೆಯಲ್ಲಿ ಕರೆಂಟು ಹೋಗಲಿಲ್ಲ. ಮೆಷಿನ್ನು ಹಗಲೂ ರಾತ್ರಿ ಗುರ್ರ್ ಅನ್ನುತ್ತಿತ್ತು. ಸಂಜೆ ಬೀದಿಯ ಪಾಳಿ ಬಂದಾಗ ಸ್ವಿಚ್ಚಮ್ಮ ಕಿಟಕಿಗೆ ಕಂಬಳಿ ಕಟ್ಟಿ, ಒಂದೇ ಒಂದು ಸಣ್ಣ ದೀಪ ಉರಿಸುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಬೀದಿಗೆ ಗೊತ್ತಾಗದೆ ಇರುತ್ತದೆಯೇ? ಮೆಟ್ಟಿಲಲ್ಲಿ ಯಾರೋ, "ಹಗ್ಗ ಹಿಡಿದವಳ ಮನೆ ಬಾವಿ ಬತ್ತುತ್ತಾ?" ಅಂದರು. ಅವಳು ತಲೆ ತಗ್ಗಿಸಿ ಹತ್ತಿಹೋದಳು.

ಅಪ್ಪನಿಗೂ ಗೊತ್ತಾಯಿತು. ಅವರು ಬೈಯಲಿಲ್ಲ. ಒಂದು ಮಧ್ಯಾಹ್ನ ಮಕ್ಕಳಿಬ್ಬರೂ ಮನೆಯಲ್ಲಿದ್ದಾಗ, ಮೂಲೆಯಲ್ಲಿ ನಿಂತಿದ್ದ ಸಿಲಿಂಡರ್ ತೋರಿಸಿ, "ಅದು ತುಂಬಿದೆಯಾ?" ಅಂದರು.

"ತುಂಬಿಸಿ ತಂದಿದೀನಪ್ಪಾ."

"ಕೆಳಗಿನ ಮನೆಗೆ ಕೊಟ್ಟು ಬಾ. ಟೈಲರಮ್ಮ ಆ ಒಂದನ್ನೇ ಉರುಳಿಸಿಕೊಂಡು ಓಡಾಡ್ತಾಳೆ. ನಮಗ್ಯಾಕೆ ಎರಡು ದಾರಿ? ಆಸ್ಪತ್ರೆ ಲೈನಿದೆಯಲ್ಲ."

"ಇರಲಪ್ಪಾ, ಹೆಚ್ಚುಕಮ್ಮಿಗೆ."

"ಏನು ಹೆಚ್ಚುಕಮ್ಮಿ? ಆ ಲೈನು ತೆಗೆಯೋ ಕೈ ನಿನ್ನದೇ ತಾನೇ? ನೀನು ತೆಗೀತೀಯಾ?" ಅಂದು ಮಗನ ಕಡೆ ನೋಡಿದರು. "ನನ್ನ ಬೆಸುಗೆಯಿಂದ ಬೀದಿಯೆಲ್ಲ ಕತ್ತಲಲ್ಲಿ ಕೂತಿದೆ. ಒಂದು ಸಿಲಿಂಡರಾದರೂ ಕೊಡಬೇಡವಾ?"

ಗುರುತಿನ ಮಾತು ಆ ಬೆಳಗಿನ ಮೇಲೆ ಮನೆಯಲ್ಲಿ ಎದ್ದದ್ದು ಅದೇ ಮೊದಲು. ಚಿಕ್ಕವನು ಕೂತಲ್ಲಿಂದ ಎದ್ದ.

"ನಿನ್ನ ಬೆಸುಗೆ ಬಿರಿದಿಲ್ಲ ಅಪ್ಪಾ. ಬೆಸುಗೆ ಹಂಗೇ ಇದೆ. ಪಕ್ಕದ ಉಕ್ಕು ಬಿರಿದಿದೆ. ಬಿಸಿನೀರು ಒಂದು ಕಡೆ, ತಣ್ಣೀರು ಒಂದು ಕಡೆ ನಿಂತು ಆ ತಿರುವನ್ನ ಹಿಂಡಿ ಹಾಕಿದೆ. ನಕ್ಷೆಯಲ್ಲೇ ತಪ್ಪು ಅಂತಾರೆ. ಯಾರು ಬೆಸೆದಿದ್ದರೂ ಬಿರೀತಿತ್ತು."

"ಪಕ್ಕದಲ್ಲಿ ಅಂದರೆ ಎಷ್ಟು ಪಕ್ಕ?"

ಚಿಕ್ಕವನು ಎರಡು ಬೆರಳಿನ ನಡುವೆ ಒಂದು ಎಳೆಯಷ್ಟು ಜಾಗ ತೋರಿಸಿದ.

"ನನ್ನ ಬೆಂಕಿ ತಾಗಿದ ಜಾಗವೇ ತಾನೇ? ತಾಗಿದ್ದಕ್ಕೇ ಅಲ್ಲವಾ ಅದು ಮೆತ್ತಗಾದದ್ದು?" ಅಪ್ಪ ಉಸಿರು ಸುಧಾರಿಸಿಕೊಂಡರು. "ಮುಚ್ಚಿಡಬೇಕಿತ್ತು ಅಂತ ನಾನು ಹೇಳ್ತಿಲ್ಲ ಮಗಾ. ನೀನು ಬರೆದುಕೊಟ್ಟದ್ದು ಸರಿ. ನನಗೆ ಸುಳ್ಳು ಹೇಳಿದೆಯಲ್ಲ, ಅದೊಂದು ಸರಿಯಾಗಲಿಲ್ಲ."

ಚಿಕ್ಕವನ ಕಣ್ಣು ತುಂಬಿತು. ಬಾಗಿಲು ತೆಗೆದು ಮೆಟ್ಟಿಲಿಳಿದು ಹೋದ. ಸ್ವಿಚ್ಚಮ್ಮ ಸಿಲಿಂಡರನ್ನು ತಬ್ಬಿ ಎತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿಸಿ ಟೈಲರಮ್ಮನ ಬಾಗಿಲಿಗೆ ಇಟ್ಟಳು. ಅಪ್ಪ ಹೇಳಿದ್ದಕ್ಕಾಗಿ ಮಾತ್ರ ಕೊಟ್ಟದ್ದಲ್ಲ. ಕಂಬಳಿ ಕಟ್ಟಿದ ಕಿಟಕಿಯ ನಾಚಿಕೆ ಅವಳಿಗೂ ಇತ್ತು, ಅದು ಸ್ವಲ್ಪ ಇಳಿದರೆ ಸಾಕಿತ್ತು. ಆಸ್ಪತ್ರೆ ಲೈನು ಹೋಗುವುದಿಲ್ಲ ಅನ್ನುವ ನಂಬಿಕೆಯೂ ಇತ್ತು. ಒಂದು ಸಲ ದೇಶವೆಲ್ಲ ಹಾಗೆ ನಂಬಿ ಕೆಟ್ಟದ್ದನ್ನು ಕಣ್ಣಾರೆ ಕಂಡವಳು ಅವಳು. ಆದರೂ ನಂಬಿದಳು.

ಟೈಲರಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. ಎರಡು ದಿನದ ಮೇಲೆ ಅಪ್ಪನಿಗೆ ಒಂದು ಬೆಚ್ಚಗಿನ ತೋಳಿಲ್ಲದ ಅಂಗಿ ಹೊಲಿದು ತಂದುಕೊಟ್ಟಳು. "ಫ್ಯಾಶನ್ನು" ಅಂದಳು.

ಚಳಿ ಏರಿತು. ನದಿಯ ಅಂಚು ಹೆಪ್ಪುಗಟ್ಟಿತು. ಒಂದು ಮಂಗಳವಾರ, ದೀಪ ಹಚ್ಚುವ ಹೊತ್ತು, ಸ್ವಿಚ್ಚಮ್ಮ ಬೋರ್ಡಿನ ಮುಂದಿದ್ದಳು. ಅವರ ಬೀದಿಯ ಪಾಳಿ. ಆಗಷ್ಟೇ ಬೀದಿಯ ಲೈನು ತೆಗೆದು ಕೂತಿದ್ದಳು. ಇದ್ದಕ್ಕಿದ್ದಂತೆ ಬೋರ್ಡಿನ ಹಿಂದೆ ಧಡ್ ಅನ್ನುವ ಸದ್ದು. ಯಾವ ಕೈಯೂ ಮುಟ್ಟದ ಆಸ್ಪತ್ರೆ ಲೈನಿನ ದೀಪ ಕೆಂಪಿನಿಂದ ಹಸಿರಾಯಿತು.

ಅವಳಿಗೆ ಮೊದಲು ಬಂದದ್ದು ಆಸ್ಪತ್ರೆಯ ನೆನಪಲ್ಲ. ಗುರ್ರ್ ಅನ್ನುತ್ತಿದ್ದ ಪೆಟ್ಟಿಗೆ ಸುಮ್ಮನಾದದ್ದು ಅಲ್ಲಿಂದಲೇ ಕೇಳಿಸಿದ ಹಾಗಾಯಿತು.

ಹಿಡಿಕೆ ತಿರುಗಿಸಿ ಮತ್ತೆ ಹಚ್ಚಿದಳು. ಧಡ್. ಬಿದ್ದುಹೋಯಿತು. ಇನ್ನೊಮ್ಮೆ ಹಚ್ಚಿದಳು. ಧಡ್. ಭಾರ ತಡೆಯುತ್ತಿರಲಿಲ್ಲ. ಆಸ್ಪತ್ರೆಗೆ ಹೋಗುವ ತಂತಿಯ ಮುಳ್ಳು ಎಂದಿನಂತೆ ಇತ್ತು. ಖಾಲಿ ಇರಬೇಕಾದ ಕವಲಿನ ಮುಳ್ಳು ಮಾತ್ರ ಪ್ರತಿ ಸಲ ತುದಿಗೆ ಹೋಗಿ ಬಡಿಯುತ್ತಿತ್ತು. ಒಂದು ಮುದುಕನ ಉಸಿರಿನ ಮೆಷಿನ್ನಿಗೆ ಅಷ್ಟು ಕರೆಂಟು ಬೇಕೇ? ಆಗ ಅವಳಿಗೆ ಹೊಳೆಯಿತು, ಇದೇನು ಹೊಸದಾ ಅಂದದ್ದು ಏನು ಅಂತ.

ಏಣಿಯಣ್ಣನಿಗೆ ಫೋನ್ ಮಾಡಿದಳು. "ಅಣ್ಣಾ, ಆ ಕವಲಿಗೆ ಎಷ್ಟು ಮನೆ ಕಟ್ಟಿದೀಯಾ?"

"ಯಾವ ಕವಲಕ್ಕಾ?"

"ಹೇಳಣ್ಣಾ!"

"ನಾನೊಬ್ಬನೇ ಕಟ್ಟಿಲ್ಲಕ್ಕಾ. ಮೊದಲು ನನ್ನವ್ವಂದು ಹಾಕಿದೆ. ಆಮೇಲೆ ಸಾಹೇಬರ ಅತ್ತೆ ಮನೆದು. ಮೀಟರ್ ಓದುವವನು ತನ್ನದು ಹಾಕಿಕೊಂಡ. ಎಲ್ಲರೂ ಒಂದೇ ಒಂದು ಮನೆ ಅಂದರು. ಎಲ್ಲರ ಮನೇಲೂ ಒಬ್ಬರು ಕಾಯಿಲೆಯವರೋ, ಕೂಸೋ. ಇಲ್ಲ ಅನ್ನೋದು ಹೆಂಗೆ? ಈಗ ಚಳಿ ಅಂತ ಎಲ್ಲರೂ ಒಲೆ, ಹೀಟರು ಹಚ್ಚಿರ್ತಾರೆ."

ಹನಿಗೂಡಿ ಹಳ್ಳವಾಗಿತ್ತು. ಸಬ್‌ಸ್ಟೇಷನ್ನಿನ ಮೇಲಿನವರಿಂದ ಕೆಳಗಿನವರ ತನಕ ಎಲ್ಲರೂ ಒಂದೊಂದು ಹನಿ ಹಾಕಿದ್ದರು. ಒಬ್ಬರ ಹನಿ ಒಬ್ಬರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರೂ ಬಾಯಿಬಿಡುವ ಹಾಗಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಫೋನು ಬಡಿದುಕೊಂಡಿತು. ಆಸ್ಪತ್ರೆಯ ದೊಡ್ಡ ನರ್ಸಮ್ಮ.

"ಏನಮ್ಮಾ ಮಾಡ್ತಿದೀರಿ? ನಮ್ಮ ಜನರೇಟರು ಶುರುವಾಗಿ ನಿಂತುಹೋಯಿತು, ಚಳಿಗೆ ಡೀಸೆಲ್ಲೇ ಗಟ್ಟಿಯಾಗಿದೆ ಅಂತಾನೆ ಮೆಕ್ಯಾನಿಕ್ಕು. ಮೇಲಿನ ಮಹಡೀಲಿ ದಿನ ತುಂಬದ ಕೂಸುಗಳು ಕಾವಿನ ಪೆಟ್ಟಿಗೇಲಿದಾವೆ. ಕೈಯಲ್ಲಿ ಗಾಳಿ ಒತ್ತುತಾ ಇದೀವಿ. ಕೇಳ್ತಿದೆಯಾ?"

"ಕೇಳ್ತಿದೆ."

ದಾರಿ ಒಂದೇ ಇತ್ತು. ಕವಲಿಗೆ ಬೇರೆ ಹಿಡಿಕೆ. ಅದನ್ನು ತೆಗೆದರೆ ಆಸ್ಪತ್ರೆ ಲೈನು ಉಳಿಯುತ್ತದೆ, ಕವಲಿಗೆ ಕಟ್ಟಿದ ಮನೆಗಳೆಲ್ಲ ಹೋಗುತ್ತವೆ. ಒಂದೊಂದೇ ಮನೆಯ ತಂತಿ ಬಿಚ್ಚಿ ಭಾರ ಇಳಿಸುವ ತನಕ ಅದನ್ನು ಹಚ್ಚುವ ಹಾಗಿಲ್ಲ. ಬೀದಿಯ ಲೈನನ್ನೇ ಮರಳಿ ಕೊಡೋಣವೆಂದರೂ ಅಪ್ಪನ ತಂತಿ ಅದರಲ್ಲಿ ಇರಲಿಲ್ಲ. ಬಿಚ್ಚಿಸಿದವಳು ಅವಳೇ.

ಅವಳು ಮೊದಲು ಮನೆಗೆ ಫೋನ್ ಮಾಡಿದಳು. ಚಿಕ್ಕವನು ಎತ್ತಿದ.

"ಕರೆಂಟು ಹೋಗಿದೆ ಅಕ್ಕಾ, ಮೆಷಿನ್ನು ನಿಂತಿದೆ. ಯಾವಾಗ ಬರುತ್ತೆ?"

"ಬರಲ್ಲ. ಈಗ ಬರಲ್ಲ. ಕೆಳಗೆ ಓಡು. ಟೈಲರಮ್ಮನ ಹತ್ತಿರ ನಮ್ಮ ಸಿಲಿಂಡರಿದೆ, ತಗೊಂಡು ಬಾ."

"ಹೋದೆ" ಅಂದ. ಫೋನನ್ನು ಅಪ್ಪನ ಕೈಗೆ ಕೊಟ್ಟು ಹೋದ ಅಂತ ಕಾಣುತ್ತದೆ. ಆ ಕಡೆ ಉಸಿರು ಮಾತ್ರ ಕೇಳಿಸಿತು. ಹಳೆಯ ಗರಗಸ ಹಸಿ ಮರದಲ್ಲಿ ಸಿಕ್ಕಿಕೊಂಡ ಹಾಗೆ.

"ಅಪ್ಪಾ."

"ಹೂಂ. ನೀನಿದೀಯಲ್ಲ ಅಲ್ಲಿ" ಅಂದರು ಅಪ್ಪ. "ಬರುತ್ತೆ."

ಅವಳು ಫೋನು ಇಡಲಿಲ್ಲ. ಕಿವಿಗೂ ಭುಜಕ್ಕೂ ನಡುವೆ ಹಿಡಿದುಕೊಂಡೇ ಕವಲಿನ ಹಿಡಿಕೆ ತಿರುಗಿಸಿದಳು. ಆಮೇಲೆ ಆಸ್ಪತ್ರೆ ಲೈನಿನದು. ಆ ಸಲ ಧಡ್ ಅನ್ನಲಿಲ್ಲ. ಕೆಂಪು ದೀಪ ಹಾಗೇ ಉಳಿಯಿತು. ಇನ್ನೊಂದು ಫೋನಿನಲ್ಲಿ ನರ್ಸಮ್ಮ, "ಬಂತು! ಬಂತು ತಾಯಿ!" ಅಂತ ಕೂಗಿದ್ದು ಮೇಜಿನ ಮೇಲಿಂದಲೇ ಕೇಳಿಸಿತು.

ಬೋರ್ಡು ಬಿಟ್ಟು ಹೋಗುವ ಹಾಗಿರಲಿಲ್ಲ, ಬದಲಿಯವರು ಬರುವ ತನಕ. ಬದಲಿಯವನು ಟ್ರಾಮಿಲ್ಲದೆ ನಡೆದು ಬರಬೇಕು. ಅವಳು ಕಿವಿಗೆ ಫೋನು ಹಿಡಿದು ಕೂತಿದ್ದಳು. ಗರಗಸ ಎಳೆಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಚಿಕ್ಕವನು ವಾಪಸು ಬಂದ ಹೆಜ್ಜೆ ಕೇಳಿಸಿತು. ಸಿಲಿಂಡರ್ ನೆಲಕ್ಕಿಟ್ಟ ಸದ್ದು ಕೇಳಿಸಲಿಲ್ಲ. "ಅಪ್ಪಾ, ಅಪ್ಪಾ, ಇಲ್ಲಿ ನೋಡು" ಅನ್ನುತ್ತಿದ್ದ. ಆಮೇಲೆ ಅಷ್ಟೂ ಕೇಳಿಸಲಿಲ್ಲ.

ಏಣಿಯಣ್ಣ ಕಂಬ ಕಂಬಕ್ಕೂ ಏಣಿ ಹಾಕಿ ತಂತಿ ಬಿಚ್ಚಿದ. ಮೊದಲು ಬಿಚ್ಚಿದ್ದು ತನ್ನವ್ವನ ಮನೆಯದು ಅಂತ ಆಮೇಲೆ ಎಲ್ಲರ ಹತ್ತಿರ ಹೇಳಿಕೊಂಡ. ಹೇಳಿಕೊಂಡು ಏನು ಬಂತು? ಉಳಿದವರು ಬಾಗಿಲಲ್ಲಿ ನಿಂತು ನಮ್ಮದನ್ನು ಕೊನೆಗೆ ಬಿಚ್ಚಪ್ಪಾ ಅನ್ನುತ್ತಿದ್ದರಂತೆ. ಕವಲು ಮತ್ತೆ ಹಚ್ಚುವ ಹೊತ್ತಿಗೆ ಅಪ್ಪನಿಗೆ ಕರೆಂಟಿನ ಅಗತ್ಯ ಇರಲಿಲ್ಲ. ಸ್ವಿಚ್ಚಮ್ಮ ಮನೆ ಮುಟ್ಟಿದಾಗ ಪೆಟ್ಟಿಗೆ ಗುರ್ರ್ ಅನ್ನುತ್ತಿತ್ತು, ನಳಿಗೆಯಿಂದ ಗಾಳಿ ಬರುತ್ತಿತ್ತು. ಅಪ್ಪ ತೋಳಿಲ್ಲದ ಅಂಗಿಯಲ್ಲಿ ಕುರ್ಚಿಗೆ ಒರಗಿದ್ದರು. ಚಿಕ್ಕವನು ನೆಲದ ಮೇಲೆ ಕೂತು, ಮಂಚದ ಕಾಲಿನ ಮೇಲಿನ ಮೀನಿನ ಬಾಲವನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ಅವಳು ಹೋಗಿ ಮೆಷಿನ್ನು ಆರಿಸಿದಳು.

"ಸಿಲಿಂಡರ್ ಯಾಕೋ ತರಲಿಲ್ಲ?" ಅಂತ ಕೇಳಿದಳು. ಅವನು ಮೀನಿನ ಬಾಲವನ್ನು ಉಜ್ಜುತ್ತಲೇ ಇದ್ದ.

ಹೇಳಿದವಳು ಟೈಲರಮ್ಮ. "ಬಂದಿದ್ದ ಕಣೇ. ಬಾಗಿಲಲ್ಲಿ ನಿಂತ. ನಮ್ಮದು ಬೀದಿ ಲೈನಲ್ಲವಾ, ಪಾಳಿ ಹೊತ್ತು, ಇವರ ಮೂಗಿಗೆ ನಿಮ್ಮ ಸಿಲಿಂಡರನ್ನೇ ಹಚ್ಚಿದ್ದೆ. ನಮ್ಮದು ಖಾಲಿ. ಅದನ್ನ ನೋಡಿದ, ಇವರ ಮುಖ ನೋಡಿದ. ಏನೋ ಮಗಾ ಅಂದೆ. ಏನಿಲ್ಲ ಅತ್ತೆ ಅಂದು ಹತ್ತಿಹೋದ. ಮೇಲೆ ಕರೆಂಟಿಲ್ಲ ಅಂತ ನನಗೇನು ಗೊತ್ತು? ನಿಮ್ಮನೇಲಿ ಯಾವತ್ತೂ ಇರುತ್ತಲ್ಲ!" ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಕೇಳಿದ್ದರೆ ಇಬ್ಬರಿಗೂ ಸರದೀಲಿ ಹಿಡೀತಿದ್ದೆನಲ್ಲೇ. ಕೇಳಬಾರದಿತ್ತಾ? ಬಾಯಿ ಬಿಟ್ಟು ಒಂದು ಮಾತು ಕೇಳಬಾರದಿತ್ತಾ?"

ಅವನು ಯಾಕೆ ಕೇಳಲಿಲ್ಲ ಅನ್ನುವುದು ಸ್ವಿಚ್ಚಮ್ಮನಿಗೆ ಅರ್ಥವಾಗದೆ ಇರಲಿಲ್ಲ. ಇನ್ನೊಬ್ಬರ ಮೂಗಿನಿಂದ ನಳಿಗೆ ಕೀಳುವುದು ಅವನಿಂದ ಆಗಲಿಲ್ಲ. ಹಿಡಿಕೆ ತಿರುಗಿಸಿದ ಅವಳ ಕೈಯಿಂದ ಆಯಿತು. ಇಬ್ಬರಲ್ಲಿ ಯಾರದ್ದು ಸರಿ ಅಂತ ಅವರಿಬ್ಬರೂ ಮಾತಾಡಿಕೊಳ್ಳಲಿಲ್ಲ. ಮಾತಾಡಿದ್ದರೆ ಏನಾದರೂ ಉಳಿಯುತ್ತಿತ್ತೋ ಏನೋ.

ಅಪ್ಪನನ್ನು ಕಳಿಸಿಕೊಡುವುದಕ್ಕೂ ಕಾಯಬೇಕಾಯಿತು. ಊರಿನ ಚಿತಾಗಾರವೂ ಕರೆಂಟಿನದೇ. ಅದಕ್ಕೂ ಪಾಳಿ ಇತ್ತು, ಮುಂದೆ ಬೇರೆಯವರಿದ್ದರು. ಚಳಿಗಾಲ ಅಂಥದ್ದು. ಎರಡು ದಿನ ಅಪ್ಪನನ್ನು ಅಲ್ಲಿಯ ತಣ್ಣಗಿನ ಕೋಣೆಯಲ್ಲಿ ಮಲಗಿಸಿ, ಹೊರಗಿನ ಬೆಂಚಿನ ಮೇಲೆ ಅಕ್ಕತಮ್ಮ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದರು. ಮೂರನೆಯ ದಿನ ಅಲ್ಲಿಯ ಕೆಲಸದವನು ಬಂದು, "ಸಬ್‌ಸ್ಟೇಷನ್ನಿಂದ ಫೋನು ಬಂತು, ನಮ್ಮ ಲೈನು ಬಿಟ್ಟಿದಾರೆ, ಬೇಗ ಬನ್ನಿ" ಅಂದ. ಆವತ್ತು ಬೋರ್ಡಿನ ಮುಂದೆ ಇದ್ದವನು ಅವಳ ಬದಲಿಯವನು. ಒಳ್ಳೆಯವನು. ಹೇಳಿದ ಹೊತ್ತಿಗಿಂತ ಸ್ವಲ್ಪ ಹೆಚ್ಚೇ ಬಿಟ್ಟಿದ್ದ.

ಕವಲಿಗೆ ಮನೆ ಕಟ್ಟಿದ ವಿಚಾರ ಯಾರೂ ಎತ್ತಲಿಲ್ಲ. ಎತ್ತಿದರೆ ಯಾರನ್ನು ಯಾರು ಕೇಳುವುದು? ಬಟ್ಟೆ ಒಗೆಯುವ ಮನೆಯ ತುದಿಯ ತನಕ ತಂತಿಯನ್ನು ಸುತ್ತಿ ತೆಗೆದುಕೊಂಡು ಹೋದರು. ಸ್ವಿಚ್ಚಮ್ಮ ರಜೆ ಮುಗಿಸಿ ಬೋರ್ಡಿಗೆ ಹೋದಾಗ ಆ ಹಿಡಿಕೆಯ ಮೇಲೆ ಒಂದು ಬಿಳಿ ಟೇಪು ಅಂಟಿಸಿದ್ದರು. ಆಸ್ಪತ್ರೆಯ ನರ್ಸಮ್ಮ ಒಮ್ಮೆ ಬಂದು, ಪೆಟ್ಟಿಗೆಯಲ್ಲಿದ್ದ ಕೂಸುಗಳಲ್ಲಿ ಎರಡು ಮನೆಗೆ ಹೋದವು, ಒಂದು ಉಳಿಯಲಿಲ್ಲ ಅಂತ ಹೇಳಿ ಹೋದಳು. ಉಳಿಯದೆ ಇದ್ದದ್ದು ಆ ಸಂಜೆಯ ಕಾರಣಕ್ಕೋ ಬೇರೆಯದಕ್ಕೋ ಹೇಳಲಿಲ್ಲ, ಇವಳು ಕೇಳಲಿಲ್ಲ.

ಸ್ಥಾವರಗಳು ಆ ಚಳಿಗಾಲವೆಲ್ಲ ಮುಚ್ಚಿಯೇ ಇದ್ದವು. ಬಿರಿದ ಕೊಳವೆಗಳನ್ನು ಕತ್ತರಿಸಿ ಹೊಸದು ಬೆಸೆಯಬೇಕಿತ್ತು. ಬೆಸೆಯಬಲ್ಲವರು ಬಹಳ ಮಂದಿ ಉಳಿದಿರಲಿಲ್ಲ, ಇದ್ದವರಿಗೆ ಉಸಿರಿರಲಿಲ್ಲ. ಕತ್ತರಿಸಿದ ತುಂಡುಗಳಲ್ಲಿ ಅಪ್ಪನ ಗುರುತಿದ್ದದ್ದನ್ನು ಯಾವುದೋ ಪರೀಕ್ಷೆಗೆಂದು ದೂರ ಕಳಿಸಿದರಂತೆ. ಅದು ಏನು ಹೇಳಿತೋ ಮನೆಯವರಿಗೆ ಯಾರೂ ತಿಳಿಸಲಿಲ್ಲ.

ಚಿಕ್ಕವನು ಕೊಳವೆಗೆ ಕಿವಿಗೊಡುವ ಯಂತ್ರವನ್ನು ಕಚೇರಿಗೆ ಒಪ್ಪಿಸಿದ. ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡ. ಅಕ್ಕ ಬಾಗಿಲ ತನಕ ಹೋದಳು. "ಎಲ್ಲಿಗೋ?" ಅಂದಳು. "ನೋಡ್ತೀನಿ ಅಕ್ಕಾ" ಅಂದ. ಚಿಲಕದ ಮೇಲೆ ಒಂದು ಗಳಿಗೆ ಅವನ ಕೈ ನಿಂತಿತು. ಬೀದಿಯ ಪಾಳಿ ನಡೆಯುತ್ತಿತ್ತು, ಮೆಟ್ಟಿಲಲ್ಲಿ ದೀಪವಿರಲಿಲ್ಲ. ಗೋಡೆ ತಡಕಿಕೊಂಡು ಇಳಿದ ಸದ್ದು ಮಾತ್ರ ಕೇಳಿಸಿತು.

ಅಪ್ಪ ಹೋದದ್ದು ಮಂಗಳವಾರ. ತಮ್ಮ ಹೋದದ್ದು ಅದರ ಮುಂದಿನ ಭಾನುವಾರ.